ಹಾವೇರಿಯಿಂದ ಏಲಕ್ಕಿಯ ಬುಡಕ್ಕೆ

ಹಾವೇರಿಗೆ ಮೊದಲ ಸಲ ಬರುವ ನೆಂಟರು ರೈಲು ಇಳಿದ ಕೂಡಲೇ ಒಂದು ಪ್ರಶ್ನೆ ಕೇಳುತ್ತಾರೆ. "ಏಲಕ್ಕಿ ತೋಟ ಎಲ್ಲಿದೆ?" ಪಾಪ, ಅವರ ತಪ್ಪಲ್ಲ. 'ಏಲಕ್ಕಿ ಕಂಪಿನ ನಾಡು' ಎಂಬ ಮಾತು ಪಠ್ಯಪುಸ್ತಕದಲ್ಲಿದೆ, ಸ್ವಾಗತ ಕಮಾನುಗಳ ಮೇಲಿದೆ, ಮಂತ್ರಿಗಳ ಭಾಷಣದಲ್ಲಂತೂ ಇದ್ದೇ ಇದೆ. ಆದರೆ ಊರ ಸುತ್ತ ಎತ್ತ ಹೋದರೂ ಕಾಣುವುದು ಗೋವಿನಜೋಳ, ಹತ್ತಿ, ಸೋಯಾ, ಮೆಣಸಿನಕಾಯಿ. ಒಂದೇ ಒಂದು ಏಲಕ್ಕಿ ಗಿಡ ಸಿಗುವುದಿಲ್ಲ. ಸಿಗುವುದು ಸಾಧ್ಯವೂ ಇಲ್ಲ. ಏಲಕ್ಕಿಗೆ ಬೇಕಾದದ್ದು ದಟ್ಟ ನೆರಳು, ತಂಪು ಗಾಳಿ, ಸದಾ ಒದ್ದೆಯಾಗಿರುವ ಮಣ್ಣು. ನಮ್ಮ ಬಯಲಿನಲ್ಲಿ ಮಾರ್ಚ್ ತಿಂಗಳ ಒಂದು ಮಧ್ಯಾಹ್ನವನ್ನೂ ಅದು ತಾಳಲಾರದು.

ಹಾಗಾದರೆ ಈ ಹೆಸರು ಬಂದದ್ದು ಹೇಗೆ? ವ್ಯಾಪಾರದಿಂದ. ಶಿರಸಿ, ಸಿದ್ದಾಪುರದ ಕಡೆಯ ತೋಟಗಳ ಏಲಕ್ಕಿ ಬಯಲುಸೀಮೆಗೆ ಇಳಿದು ಬರುತ್ತಿದ್ದ ದಾರಿಯಲ್ಲಿ ಹಾವೇರಿ ದೊಡ್ಡ ಪೇಟೆ. ಶಿರಸಿಗೆ ಇಂದಿಗೂ ರೈಲಿಲ್ಲ, ಹಾವೇರಿಗೆ ಬ್ರಿಟಿಷರ ಕಾಲದಲ್ಲೇ ಬಂತು. ಗಾಡಿಯಲ್ಲಿ ಬಂದ ಮಾಲು ಇಲ್ಲಿ ಇಳಿಯುತ್ತಿತ್ತು, ಇಲ್ಲಿಯೇ ತೂಗುತ್ತಿತ್ತು. ಇನ್ನೊಂದು ಕಾರಣ ಇನ್ನೂ ಸ್ವಾರಸ್ಯವಾಗಿದೆ. ಮಲೆನಾಡಿನಿಂದ ತಂದ ಏಲಕ್ಕಿಯನ್ನು ಹಾವೇರಿಯ ಬಾವಿ ನೀರಿನಲ್ಲಿ ಅಂಟುವಾಳಕಾಯಿ ನೊರೆಯ ಜೊತೆ ತೊಳೆದು ಒಣಗಿಸುತ್ತಿದ್ದರು. ಹಾಗೆ ಮಾಡಿದರೆ ಸಿಪ್ಪೆ ಕೆನೆಬಣ್ಣಕ್ಕೆ ತಿರುಗಿ ನೋಡಲು ಅಂದವಾಗುತ್ತಿತ್ತು, ಪೇಟೆಯಲ್ಲಿ ಎರಡು ಕಾಸು ಹೆಚ್ಚು ಬರುತ್ತಿತ್ತು. ಅಂದರೆ ನಮ್ಮೂರು ಏಲಕ್ಕಿಯನ್ನು ಬೆಳೆದದ್ದಲ್ಲ, ಅದಕ್ಕೆ ಸ್ನಾನ ಮಾಡಿಸಿ ಕಳಿಸಿದ್ದು!

ಆ ಬೆಳ್ಳಗಿನ ಏಲಕ್ಕಿಯಿಂದ ಹುಟ್ಟಿದ್ದೇ ಹಾವೇರಿಯ ಏಲಕ್ಕಿ ಮಾಲೆ. ರೇಷ್ಮೆ ದಾರ, ಗೊಂಡೆ, ಕಾಶಿದಾರದ ಕೆಲಸ ಮಾಡುವ ಪಟವೇಗಾರರ ಕೈಯಲ್ಲಿ ಇದು ಬೆಳೆಯಿತು. ೨೦೨೩ರ ಜನವರಿಯಲ್ಲಿ ೮೬ನೇ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದಾಗ ಹೊರಗಿನಿಂದ ಬಂದ ಎಷ್ಟೋ ಜನ ಮಾಲೆ ಮಾಡುವವರ ಅಂಗಡಿ ಹುಡುಕಿಕೊಂಡು ಹೋದರು. ದೊಡ್ಡ ಮಾಲೆ ಕೊಳ್ಳುವವರು ಕಡಿಮೆ, ಕೈಗೆತ್ತಿ ಮೂಸಿ ನೋಡುವವರು ಹೆಚ್ಚು.

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿದ್ದರು. ಮೊಮ್ಮಗಳಿಗೆ ಹನ್ನೊಂದು, ಮೊಮ್ಮಗನಿಗೆ ಎಂಟು. ಮಾಲೆ ಮಾಡುವುದನ್ನು ತೋರಿಸೋಣ ಎಂದು ಕರೆದುಕೊಂಡು ಹೋದೆ. ವಯಸ್ಸಾದ ಕುಶಲಕರ್ಮಿಯೊಬ್ಬರು ಗೋಡೆಗೆ ಒರಗಿ ಕೂತು ಪೋಣಿಸುತ್ತಿದ್ದರು. ಎದುರಿಗೆ ಮೊರದಲ್ಲಿ ಏಲಕ್ಕಿಯ ರಾಶಿ. ಒಂದೇ ಗಾತ್ರದವನ್ನು ಮೊದಲು ಆರಿಸಬೇಕು. ಒಡೆದದ್ದು, ಕಲೆ ಇದ್ದದ್ದು ಆಗದು. ಸೂಜಿ ಸಿಪ್ಪೆಯ ಮೂಲಕ ನೆಟ್ಟಗೆ ಹಾಯಬೇಕು. ಸ್ವಲ್ಪ ಒತ್ತಿದರೂ ಕಾಯಿ ಬಾಯಿ ಬಿಡುತ್ತದೆ. ನಡುನಡುವೆ ಬಣ್ಣದ ಉಣ್ಣೆ, ಜರಿ, ಮಣಿ. ಅವರ ಬೆರಳು ಆಡುವ ವೇಗ ನೋಡಿ ನನಗೆ ನೋಟು ಎಣಿಸುವ ನಮ್ಮ ಹಳೆಯ ಕ್ಯಾಷಿಯರ್ ನೆನಪಾದರು.

ಮೊಮ್ಮಗಳಿಗೆ ಲೆಕ್ಕದ ಹುಚ್ಚು. ಪಕ್ಕದ ಕಿರಾಣಿ ಅಂಗಡಿಯಲ್ಲಿ ಹತ್ತು ಗ್ರಾಂ ಪೊಟ್ಟಣ ಕೊಂಡು ಅಲ್ಲಿಯೇ ಬಿಚ್ಚಿ ಎಣಿಸಿದಳು. ನಲವತ್ತೊಂದು ಕಾಯಿ. ಮಾಲೆಯಲ್ಲಿ ಎಷ್ಟು ಎಂದು ಕೇಳಿದಳು. ಸಣ್ಣದಕ್ಕೆ ಮುನ್ನೂರೈವತ್ತು ಎಂದರು ಅವರು. ಅಂದರೆ ಎಂಬತ್ತೈದು ಗ್ರಾಂ ಏಲಕ್ಕಿ. ಅಷ್ಟು ಒಣ ಏಲಕ್ಕಿಗೆ ಹಸಿ ಕಾಯಿ ಅದರ ಐದು ಪಟ್ಟು ಬೇಕು ಎಂದು ನಾನು ಸೇರಿಸಿದೆ. ಹುಡುಗಿ ಬಾಯಲ್ಲೇ ಲೆಕ್ಕ ಹಾಕಿ ನಾನೂರು ಗ್ರಾಂ ದಾಟಿಸಿದಳು.

"ಈಗ ಈ ಕಾಯಿ ಎಲ್ಲಿಂದ ಬರ್ತದ್ರಿ?" ಎಂದು ಕೇಳಿದೆ.

"ದಪ್ಪನ್ನ ಕಾಯಿ ಬೇಕಂದ್ರ ಕೇರಳದ್ದೇ ತರಬೇಕ್ರಿ. ಶಿರಸಿ ಮಾಲು ವಾಸನೀಗೆ ಛಲೋ, ಆದ್ರ ಅದು ಈಗ ಎಲ್ಲೈತ್ರಿ?" ಎಂದರು ಅವರು. ಕೈ ನಿಲ್ಲಲಿಲ್ಲ.

ಆ 'ಎಲ್ಲೈತ್ರಿ' ಎಂಬ ಮಾತೇ ನಮ್ಮನ್ನು ಮರುದಿನ ಶಿರಸಿ ಬಸ್ಸಿಗೆ ಹತ್ತಿಸಿತು.

ಹಾವೇರಿಯಿಂದ ಶಿರಸಿಗೆ ಎಂಬತ್ತು ಕಿಲೋಮೀಟರಿನ ಒಳಗೇ. ಆದರೆ ಇಷ್ಟು ಸಣ್ಣ ಅಂತರದಲ್ಲಿ ದೇಶ ಬದಲಾದಂತೆ ಆಗುವ ದಾರಿ ನಮ್ಮ ರಾಜ್ಯದಲ್ಲಿ ಹೆಚ್ಚಿಲ್ಲ. ಹಾನಗಲ್ಲಿನವರೆಗೆ ಬಯಲು, ಕೆರೆ, ಗದ್ದೆ, ಮಾವು. ಹಾನಗಲ್ಲಿನಲ್ಲಿ ಇಳಿದು ತಾರಕೇಶ್ವರ ದೇವಸ್ಥಾನದ ಕಲ್ಲಿನ ಕಮಲದ ಚಾವಣಿಯನ್ನು ಮಕ್ಕಳಿಗೆ ತೋರಿಸಿದೆ. ಕತ್ತು ನೋಯುವ ತನಕ ನೋಡಿದರು. ಅಲ್ಲಿಂದ ಮುಂದೆ ಮರಗಳು ಒಂದೊಂದಾಗಿ ಹತ್ತಿರ ಬರುತ್ತವೆ, ಮಣ್ಣು ಕೆಂಪಾಗುತ್ತದೆ, ಬಸ್ಸಿನ ಕಿಟಕಿಯಿಂದ ಬರುವ ಗಾಳಿಗೆ ಕೊಳೆತ ಎಲೆಯ ವಾಸನೆ ಹತ್ತುತ್ತದೆ. ನಮ್ಮಲ್ಲಿ ಬೀಳುವ ಮಳೆಯ ಸುಮಾರು ಮೂರು ಪಟ್ಟು ಶಿರಸಿಯಲ್ಲಿ ಬೀಳುತ್ತದೆ.

ಈ ದಾರಿ ನನಗೆ ಹೊಸದಲ್ಲ. ೧೯೭೯ರಿಂದ ಆರು ವರ್ಷ ಶಿರಸಿ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ನಾವು ಹೋದದ್ದು ಆಗಿನ ನಮ್ಮ ಗ್ರಾಹಕರೊಬ್ಬರ ತೋಟಕ್ಕೆ. ಅವರಿಗೆ ಈಗ ನನ್ನದೇ ವಯಸ್ಸು, ಎಪ್ಪತ್ತನಾಲ್ಕು. ಮನೆ ಮೆಟ್ಟಿಲು ಹತ್ತುವ ಮೊದಲೇ ಒಳಗಿನಿಂದ ಕೇಳಿದರು, "ಆಸರಿಗೆ ಎಂತ ಬೇಕು?" ಮಲೆನಾಡಿನಲ್ಲಿ ನೀವು ಯಾರು, ಯಾಕೆ ಬಂದಿರಿ ಎಂಬುದೆಲ್ಲ ಆಮೇಲೆ. ಮೊದಲು ಬಾಯಾರಿಕೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿ ಏಲಕ್ಕಿ ಸೇರಿಸಿ ಹಾಲು-ಬೆಲ್ಲದಲ್ಲಿ ಕುದಿಸಿದ ಕಷಾಯ ಬಂತು. ಕಾಫಿ ಬಿಟ್ಟು ಬೇರೇನೂ ಮುಟ್ಟದ ನಾನು ಎರಡು ಲೋಟ ಕುಡಿದೆ.

ಮನೆಯಿಂದ ತೋಟಕ್ಕೆ ಇಳಿಯಬೇಕು. ಇಲ್ಲಿ ತೋಟಗಳಿರುವುದು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ, ನಡುವೆ ನೀರಿನ ಕಾಲುವೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ಸಾಲಿನ ನಡುವೆ ಬಾಳೆ, ಅದರ ನೆರಳಿನಲ್ಲಿ ಏಲಕ್ಕಿ. ಈ ಕ್ರಮ ನಿನ್ನೆ ಮೊನ್ನೆಯದಲ್ಲ. ೧೮೦೧ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ಡಾಕ್ಟರು ಸೋದೆ ಸುತ್ತಲಿನ ತೋಟಗಳಲ್ಲಿ ಅಡಿಕೆ, ಮೆಣಸು, ವೀಳ್ಯದೆಲೆ, ಏಲಕ್ಕಿ, ಬಾಳೆ ಎಲ್ಲ ಒಟ್ಟಿಗೇ ಬೆಳೆಯುವುದನ್ನು ನೋಡಿ ಬರೆದಿಟ್ಟಿದ್ದಾನೆ. ಒಂದೇ ಎಕರೆ ಜಾಗದಲ್ಲಿ ಎತ್ತರದ ಮನೆ, ನಡುಮನೆ, ನೆಲಮಾಳಿಗೆ ಎಂದು ಮೂರು ಅಂತಸ್ತು ಕಟ್ಟಿದ ಹಾಗೆ. ನೆಲಮಾಳಿಗೆ ಏಲಕ್ಕಿಯದು.

ಮೊಮ್ಮಗ ಏಲಕ್ಕಿ ಗಿಡದ ಮುಂದೆ ನಿಂತು ತಲೆ ಎತ್ತಿ ಹುಡುಕಿದ. ಅರಿಸಿನದ ಎಲೆಯಂಥ ಉದ್ದುದ್ದ ಎಲೆಗಳ ದಂಟು, ಅವನ ಎರಡು ಪಟ್ಟು ಎತ್ತರ. ಕಾಯಿ ಎಲ್ಲೂ ಇಲ್ಲ. "ಅಜ್ಜ, ಇದರಲ್ಲಿ ಬಿಟ್ಟೇ ಇಲ್ಲ!" ಎಂದ. ಯಜಮಾನರು ನಕ್ಕು, ಬಗ್ಗಿ ಬುಡದ ಒಣಸೊಪ್ಪು ಸರಿಸಿದರು. ಅಲ್ಲಿತ್ತು! ಬುಡದಿಂದಲೇ ಹೊರಟ ತೆಳ್ಳನೆಯ ಗೊನೆ ಹಾವಿನ ಮರಿಯಂತೆ ನೆಲದ ಮೇಲೆ ಹರಿದಿತ್ತು. ಅದರ ಉದ್ದಕ್ಕೂ ಹಸಿರು ಕಾಯಿಗಳು, ತುದಿಯಲ್ಲಿ ಇನ್ನೂ ಎರಡು ಹೂ. ಬಿಳಿ ಹೂವಿನ ಒಂದು ಎಸಳಿನ ಮೇಲೆ ನೇರಳೆ ಗೀಟು. ಯಾರೋ ಸಣ್ಣ ಕುಂಚದಲ್ಲಿ ಎಳೆದ ಹಾಗಿದೆ. ಆ ಗೀಟು ಜೇನುನೊಣಕ್ಕೆ ದಾರಿ ತೋರಿಸುವ ಗುರುತು. ಹೂವಿನ ಆಯುಷ್ಯ ಒಂದೇ ದಿನ. ಅಷ್ಟರಲ್ಲಿ ಜೇನು ಬಂದು ಹೋದರೆ ಕಾಯಿ, ಇಲ್ಲದಿದ್ದರೆ ಸಂಜೆಗೆ ಉದುರುತ್ತದೆ. ಜೇನಿಲ್ಲದ ಕಾಡಿನಲ್ಲಿ ಏಲಕ್ಕಿ ಗಿಡ ಬರಿ ಎಲೆ.

ಏಲಕ್ಕಿ ಶುಂಠಿ, ಅರಿಸಿನದ ಕುಲದ್ದು. ಹುಟ್ಟೂರು ನಮ್ಮ ಪಶ್ಚಿಮ ಘಟ್ಟವೇ. ವಿಜ್ಞಾನಿಗಳು ಕರೆಯುವ 'ಎಲೆಟ್ಟಾರಿಯ' ಎಂಬ ಹೆಸರು ಕೇಳಿದರೆ ಲ್ಯಾಟಿನ್ ಅನ್ನಿಸುತ್ತದೆ. ಅದು ಮಲಯಾಳದ 'ಏಲತ್ತರಿ'. ಕೊಚ್ಚಿಯಲ್ಲಿದ್ದ ಡಚ್ ಗವರ್ನರ್ ವಾನ್ ರೀಡೆ ಮಾಡಿಸಿದ, ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಎಂಬ ಗಿಡಮೂಲಿಕೆಗಳ ಮಹಾಗ್ರಂಥದಿಂದ ಈ ಹೆಸರು ಯುರೋಪಿಗೆ ಹೋಯಿತು. ಆ ಗ್ರಂಥಕ್ಕೆ ನೆರವಾದವರಲ್ಲಿ ಮೂವರು ಕೊಂಕಣಿ ವೈದ್ಯರೂ ಇದ್ದರು. ಮಲಯಾಳದವರ 'ಅರಿ', ನಮ್ಮ 'ಅಕ್ಕಿ' ಎರಡೂ ಒಂದೇ ಬಳಗದ ಮಾತು. ಏಲದ ಅಕ್ಕಿಯೇ ಏಲಕ್ಕಿ. ಇನ್ನೊಂದು ತಮಾಷೆ. ಏಲಕ್ಕಿಯಲ್ಲಿ ಗೊನೆ ನೆಲಕ್ಕೆ ಹರಿಯುವ ಜಾತಿಗೆ 'ಮಲಬಾರ್' ಎಂದೂ, ಗೊನೆ ನೆಟ್ಟಗೆ ನಿಲ್ಲುವ ಜಾತಿಗೆ 'ಮೈಸೂರು' ಎಂದೂ ಹೆಸರು. ನಮ್ಮ ಕರ್ನಾಟಕದಲ್ಲಿ ಹೆಚ್ಚಾಗಿ ಬೆಳೆಯುವುದು ಮಲಬಾರ್, ಮೈಸೂರು ಜಾತಿ ಹೆಚ್ಚಾಗಿ ಇರುವುದು ಕೇರಳ, ತಮಿಳುನಾಡಿನ ಬೆಟ್ಟಗಳಲ್ಲಿ!

ತೋಟದಲ್ಲಿ ನಾಲ್ಕು ಜನ ಹೆಂಗಸರು ಕೊಯ್ಲು ಮಾಡುತ್ತಿದ್ದರು. ಈ ಕೆಲಸ ನೋಡಿದ ಮೇಲೆ ಏಲಕ್ಕಿ ತುಟ್ಟಿ ಎಂದು ಗೊಣಗಲು ಬಾಯಿ ಬರುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿ ನಡೆಯಬೇಕು. ಒಂದು ಗೊನೆಯ ಎಲ್ಲ ಕಾಯಿ ಒಟ್ಟಿಗೇ ಬಲಿಯುವುದಿಲ್ಲ. ಬುಡದ್ದು ಬಲಿತಾಗ ತುದಿಯಲ್ಲಿ ಹೂ ಇರುತ್ತದೆ. ಆದ್ದರಿಂದ ಅದೇ ಗಿಡದ ಬುಡಕ್ಕೆ ತಿಂಗಳಿಗೊಮ್ಮೆಯಂತೆ ಐದಾರು ಸಲ ಬಗ್ಗಬೇಕು. ಪೂರ್ತಿ ಹಣ್ಣಾಗಲು ಬಿಟ್ಟರೆ ಒಣಗಿಸುವಾಗ ಕಾಯಿ ಸೀಳುತ್ತದೆ. ಎಳೆಯದನ್ನು ಕಿತ್ತರೆ ಒಣಗಿ ಸುಕ್ಕಾಗುತ್ತದೆ, ವಾಸನೆಯೂ ಇರುವುದಿಲ್ಲ. ಹೊರಗೆ ಹಸಿರು, ಒಳಗಿನ ಬೀಜ ಕಪ್ಪು, ಆ ಹದ ನೋಡಿ ಬೆರಳು ಕೀಳಬೇಕು. ಒಬ್ಬಾಕೆ ಒಂದು ಕಾಯಿ ಸುಲಿದು ಮೊಮ್ಮಗಳ ಕೈಗಿಟ್ಟರು. ಬೀಜಗಳ ಸುತ್ತ ತೆಳ್ಳಗೆ ಸಿಹಿ ಲೋಳೆ. ಹಸಿ ಏಲಕ್ಕಿಯ ರುಚಿ ಡಬ್ಬಿಯ ಏಲಕ್ಕಿಯದಲ್ಲ. ತಂಪು ಮೊದಲು ಬರುತ್ತದೆ, ಖಾರ ಆಮೇಲೆ.

ಅಷ್ಟರಲ್ಲಿ ಮೊಮ್ಮಗ ಕಿರುಚಿದ. ಕಾಲಿಗೆ ಉಂಬಳ! ಸುಣ್ಣ ಹಚ್ಚಿದ ಕೂಡಲೇ ಉದುರಿತು. ಅವನಿಗೆ ಆ ದಿನದ ಅತಿ ದೊಡ್ಡ ಸಂಗತಿ ಏಲಕ್ಕಿಯಲ್ಲ, ಉಂಬಳವೇ. ಬೆಂಗಳೂರಿಗೆ ಹೋಗಿ ಶಾಲೆಯಲ್ಲಿ ಹೇಳಿದ್ದೂ ಅದನ್ನೇ.

ಆಗಿನ ಕಾಲದಲ್ಲಿ ನಮ್ಮ ಶಾಖೆಗೆ ನವರಾತ್ರಿ ಮುಗಿದು ದೀಪಾವಳಿ ಬರುವುದರೊಳಗೆ ಹೆಂಗಸರ ಓಡಾಟ ಹೆಚ್ಚುತ್ತಿತ್ತು. ಅಡಿಕೆಯ ದುಡ್ಡು ಗಂಡಸರ ದುಡ್ಡು. ಅದು ಸಾಲ, ಕಂದಾಯ, ಮದುವೆ, ಮನೆ ರಿಪೇರಿಗೆ ಹೋಗುತ್ತಿತ್ತು. ಏಲಕ್ಕಿ ಕೀಳುವುದು, ಒಣಗಿಸುವುದು, ಆರಿಸುವುದು ಮನೆಯ ಹೆಂಗಸರ ಪಾಲಿಗೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅದರಿಂದ ಬಂದ ಹಣದ ಒಂದು ಪಾಲು ಅವರ ಕೈಗೆ ಸೇರುತ್ತಿತ್ತು. ಉಳಿತಾಯ ಖಾತೆ ತೆರೆಯಲು ಬರುತ್ತಿದ್ದರು. ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟ ನೋಟುಗಳಿಗೆ ಏಲಕ್ಕಿ ವಾಸನೆ. ಕೌಂಟರಿನಲ್ಲಿ ಕೂತ ನಾನು ಎಣಿಸಿ ಮುಗಿಸಿದ ಮೇಲೂ ಬೆರಳಿಗೆ ಆ ಪರಿಮಳ ಉಳಿಯುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಹೆಚ್ಚೆಂದರೆ ಇನ್ನೂರು, ಮುನ್ನೂರು ರೂಪಾಯಿ. ಆದರೆ ಆ ಪುಸ್ತಕವನ್ನು ಅವರು ಹಿಡಿದುಕೊಳ್ಳುತ್ತಿದ್ದ ರೀತಿಯೇ ಬೇರೆ.

ನಾನಿದ್ದ ಆರು ವರ್ಷಗಳಲ್ಲೇ ಆ ಖಾತೆಗಳು ಒಂದೊಂದಾಗಿ ನಿಂತವು. ಲೆಡ್ಜರಿನ ಪುಟದಲ್ಲಿ ವರ್ಷಕ್ಕೊಮ್ಮೆ ಬಡ್ಡಿ ಬರೆಯುವುದು ಬಿಟ್ಟರೆ ಜಮೆ ಇಲ್ಲ. ಕಾರಣ ಕೇಳಿದರೆ ಎಲ್ಲರದೂ ಒಂದೇ ಮಾತು: "ಕಟ್ಟೆ ಬಂತು."

ಕಟ್ಟೆ ಎಂದರೆ ಏಲಕ್ಕಿಯ ರೋಗ. ಎಲೆಯ ಮೇಲೆ ತಿಳಿಹಸಿರು, ದಟ್ಟಹಸಿರಿನ ಗೆರೆಗಳು ಕಾಣುತ್ತವೆ, ಎಲೆ ಚಿಕ್ಕದಾಗುತ್ತದೆ, ಹೊಸ ದಂಟು ಕುಗ್ಗುತ್ತದೆ, ಕೆಲವೇ ವರ್ಷಗಳಲ್ಲಿ ಬುಡವೇ ನಾಶ. ವೈರಸ್ಸಿನಿಂದ ಬರುವ ರೋಗ ಇದು. ಒಂದು ಬಗೆಯ ಸಸ್ಯಹೇನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ಔಷಧಿ ಇಲ್ಲ. ರೋಗ ತಗುಲಿದ ಬುಡವನ್ನು ಬೇರುಸಹಿತ ಕಿತ್ತು ನಾಶ ಮಾಡುವುದೊಂದೇ ದಾರಿ. ಪಕ್ಕದ ತೋಟದವನು ಕೀಳದಿದ್ದರೆ ನೀವು ಕಿತ್ತೂ ಪ್ರಯೋಜನವಿಲ್ಲ. ನಮ್ಮ ಜನ ಏಲಕ್ಕಿಯನ್ನು ನೆಡುತ್ತಿದ್ದದ್ದು ಹಳೆಯ ಬುಡ ಒಡೆದು ತಂದ ಗೆಡ್ಡೆಯಿಂದ. ನೆಂಟರ ತೋಟದ ಗೆಡ್ಡೆಯ ಜೊತೆ ರೋಗವೂ ಬರುತ್ತಿತ್ತು. ಜಗತ್ತಿನ ಸಸ್ಯರೋಗ ಶಾಸ್ತ್ರದ ಪುಸ್ತಕಗಳಲ್ಲೆಲ್ಲ ಈ ರೋಗದ ಹೆಸರು 'ಕಟ್ಟೆ' ಎಂದೇ ಇದೆ. 'ಕೊಕ್ಕೆ ಕಂದು' ಎಂಬ ಇನ್ನೊಂದು ರೋಗಕ್ಕೂ ಕನ್ನಡದ್ದೇ ಹೆಸರು. ಕನ್ನಡದ ಮಾತು ವಿಜ್ಞಾನದಲ್ಲಿ ಊರೂರು ಸುತ್ತಿತು ಎಂದು ಹೆಮ್ಮೆ ಪಡೋಣವೆಂದರೆ, ಸುತ್ತಿದ್ದು ಈ ರೂಪದಲ್ಲಿ!

ಅದೇ ಹೊತ್ತಿಗೆ ಹೊರಗಿನ ಪೇಟೆಯಲ್ಲೂ ಒಂದು ಬದಲಾವಣೆ ಆಗುತ್ತಿತ್ತು. ಜಗತ್ತಿನ ಆ ತುದಿಯಲ್ಲಿ, ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ, ೨೦ನೇ ಶತಮಾನದ ಆರಂಭದಲ್ಲಿ ಜರ್ಮನ್ ತೋಟಗಾರನೊಬ್ಬ ಕೋಬಾನ್ ಎಂಬ ಊರಿನ ಸುತ್ತಲ ಬೆಟ್ಟಗಳಲ್ಲಿ ಏಲಕ್ಕಿ ನೆಟ್ಟ. ಅಲ್ಲಿನವರು ಏಲಕ್ಕಿ ತಿನ್ನುವವರಲ್ಲ, ಬೆಳೆದದ್ದೆಲ್ಲ ಹೆಚ್ಚುಕಡಿಮೆ ಹೊರದೇಶಕ್ಕೇ. ೧೯೮೦ರ ದಶಕದಲ್ಲಿ ಅವರು ನಮ್ಮನ್ನು ಹಿಂದೆ ಹಾಕಿದರು. ಅರಬರ ಕಾಫಿಗೆ ಏಲಕ್ಕಿ ಇಲ್ಲದೆ ಆಗದು. ಸೌದಿಯಲ್ಲಿ ಅತಿಥಿ ಬಂದರೆ ಏಲಕ್ಕಿ ಹಾಕಿ ಕುದಿಸಿದ 'ಗಹ್ವಾ'ವನ್ನು ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ. ನಮ್ಮ ಜಿಲ್ಲೆಗಳ ಏಲಕ್ಕಿ ಹಿಂದೆ ಹೋಗುತ್ತಿದ್ದ ಆ ಬಟ್ಟಲಿಗೆ ಈಗ ಗ್ವಾಟೆಮಾಲಾ ಏಲಕ್ಕಿ ಬೀಳುತ್ತದೆ. ಏಲಕ್ಕಿಗೆಂದೇ ಇದ್ದ ಸರಕಾರಿ ಮಂಡಳಿಯೂ ೧೯೮೭ರಲ್ಲಿ ಸಾಂಬಾರ ಮಂಡಳಿಯಲ್ಲಿ ಸೇರಿಹೋಯಿತು.

ಕೇರಳದವರು ಮಾತ್ರ ಬಿಡಲಿಲ್ಲ. ಇಡುಕ್ಕಿ ಜಿಲ್ಲೆಯ ರೈತರೊಬ್ಬರು ತಮ್ಮ ತೋಟದಲ್ಲೇ ಆರಿಸಿ ಬೆಳೆಸಿದ 'ಞಳ್ಳಾನಿ' ತಳಿ ಇಡೀ ಜಿಲ್ಲೆಯನ್ನೇ ಹಬ್ಬಿತು. ಕಾಯಿ ದಪ್ಪ, ಇಳುವರಿ ಹಲವು ಪಟ್ಟು. ಇವತ್ತು ದೇಶದ ಏಲಕ್ಕಿಯಲ್ಲಿ ಸಿಂಹಪಾಲು ಅಲ್ಲಿಯದೇ. ಅದಕ್ಕೆ ಗೊಬ್ಬರ, ಔಷಧಿ, ನೀರು ಎಲ್ಲ ಹೆಚ್ಚು ಬೇಕು ಎಂಬುದೂ ನಿಜ. ೨೦೧೮ರ ಮಹಾಮಳೆಯಲ್ಲಿ ಇಡುಕ್ಕಿಯ ಗುಡ್ಡಗಳು ಜರಿದಾಗ, ಮರುವರ್ಷ ಮಳೆ ಕೈಕೊಟ್ಟಾಗ, ಬೆಲೆ ಹುಚ್ಚುಹುಚ್ಚಾಗಿ ಏರಿತು. ೨೦೧೯ರ ಆಗಸ್ಟಿನಲ್ಲಿ ಅಲ್ಲಿನ ಹರಾಜಿನಲ್ಲಿ ಕಿಲೋಗೆ ೭,೦೦೦ ರೂಪಾಯಿ ಮುಟ್ಟಿತು. ಆ ವರ್ಷ ನಮ್ಮ ಮನೆಯಲ್ಲಿ ಗಣಪತಿ ಹಬ್ಬದ ಪಾಯಸಕ್ಕೆ ಎರಡೇ ಏಲಕ್ಕಿ. ಹಾವೇರಿಯಲ್ಲಿ ಮಾಲೆ ಕಟ್ಟುವವರ ಗತಿ ಏನಾಗಿರಬೇಕು, ಎಂಬತ್ತೈದು ಗ್ರಾಮಿನ ಲೆಕ್ಕ ನೀವೇ ಹಾಕಿ.

ಯಜಮಾನರು ಅಟ್ಟದ ಮೇಲೆ ಒಣಗಿಸುವ ಜಾಗ ತೋರಿಸಿದರು. ಅವರ ತಂದೆಯ ಕಾಲದಲ್ಲಿ ಅಂಗಳದ ಬಿಸಿಲಿನಲ್ಲಿ, ಮಳೆ ಬಂದರೆ ಒಲೆಯ ಮೇಲಿನ ಅಟ್ಟದಲ್ಲಿ ಹರಡುತ್ತಿದ್ದರಂತೆ. ಬಿಸಿಲು ಕುಡಿದ ಏಲಕ್ಕಿ ಬಿಳಿಚಿಕೊಳ್ಳುತ್ತದೆ. ಈಗ ಪೇಟೆಗೆ ಬೇಕಾದದ್ದು ಗಿಣಿಹಸಿರು. ಅದಕ್ಕೆ ಕತ್ತಲೆಯ ಗೂಡಿನಲ್ಲಿ ಹದವಾದ ಬಿಸಿಗಾಳಿ ಹಾಯಿಸಿ ಒಂದು ಹಗಲು ಒಂದು ರಾತ್ರಿ ನಿಧಾನವಾಗಿ ಒಣಗಿಸಬೇಕು. ಬಿಸಿ ಹೆಚ್ಚಾದರೆ ಎಣ್ಣೆ ಹಾರಿಹೋಗುತ್ತದೆ, ಕಡಿಮೆಯಾದರೆ ಬೂಸಲು. ಕೊನೆಗೆ ತಂತಿ ಜಾಲರಿಯ ಮೇಲೆ ಉಜ್ಜಿ ತೊಟ್ಟು ಉದುರಿಸಿ, ಜರಡಿಯಲ್ಲಿ ಗಾತ್ರ ಬೇರ್ಪಡಿಸುತ್ತಾರೆ. ದಪ್ಪ ಕಾಯಿಗೆ ಹೆಚ್ಚು ದರ, ಸಣ್ಣದಕ್ಕೆ ಕಡಿಮೆ. ನನ್ನ ಕೇಳಿದರೆ ಇದು ಕಣ್ಣಿನ ವ್ಯಾಪಾರ. ಪರಿಮಳ ಇರುವುದು ಬೀಜದಲ್ಲಿ, ಸಿಪ್ಪೆಯಲ್ಲಿ ಏನೂ ಇಲ್ಲ. ಯಜಮಾನರ ಸಣ್ಣ ಕಾಯಿ ಒಂದನ್ನು ಒಡೆದು ಮೂಸಿದಾಗ ಹಾವೇರಿಯ ಕುಶಲಕರ್ಮಿ ಹೇಳಿದ ಮಾತು ದಿಟವೆನಿಸಿತು.

ಮನೆಯ ಯಜಮಾನತಿ ಅಡುಗೆಮನೆಯಲ್ಲಿ ಹೇಳಿದ ಕೆಲವು ಮಾತುಗಳನ್ನು ಮೊಮ್ಮಗಳು ಬರೆದುಕೊಂಡಳು. ಏಲಕ್ಕಿಯನ್ನು ಯಾವತ್ತೂ ಸಿಪ್ಪೆಯೊಂದಿಗೇ ಇಡಬೇಕು, ಗಾಳಿಯಾಡದ ಡಬ್ಬಿಯಲ್ಲಿ, ಬೆಳಕಿಗೆ ದೂರ. ಬೇಕಾದಾಗ ಬೇಕಾದಷ್ಟೇ ಸುಲಿದು, ಚಿಟಿಕೆ ಸಕ್ಕರೆ ಸೇರಿಸಿ ಕುಟ್ಟಬೇಕು, ಆಗ ನುಣ್ಣಗಾಗುತ್ತದೆ. ಪುಡಿ ಮಾಡಿಟ್ಟರೆ ವಾರದಲ್ಲಿ ಅರ್ಧ ವಾಸನೆ ಮಾಯ. (ಪೊಟ್ಟಣದಲ್ಲಿ ಬರುವ ಪುಡಿ ಕೊಳ್ಳುವವರು ದುಡ್ಡು ಕೊಟ್ಟು ಹೊಟ್ಟು ಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ.) ಪಾಯಸಕ್ಕೆ ಒಲೆ ಆರಿಸಿದ ಮೇಲೆ ಹಾಕಬೇಕು, ಕುದಿಯುವಾಗಲ್ಲ. ಸಿಪ್ಪೆ ಎಸೆಯುವ ಬದಲು ಚಹಾಪುಡಿಯ ಡಬ್ಬಿಗೆ ಹಾಕಿಡಬಹುದು, ಅಂಟಿದ ಬೀಜದ ಪರಿಮಳ ಚಹಾಕ್ಕೆ ಬರುತ್ತದೆ. ಅಂಗಡಿಯಲ್ಲಿ ತೀರಾ ಕಡುಹಸಿರು ಕಾಯಿ ಕಂಡರೆ ಒಂದೆರಡನ್ನು ಲೋಟ ನೀರಿಗೆ ಹಾಕಿ ನೋಡಿ. ನೀರು ಹಸಿರಾದರೆ ಅದು ತೋಟದ ಬಣ್ಣವಲ್ಲ. ಎಣ್ಣೆ ತೆಗೆದ ಏಲಕ್ಕಿ ಮಾರುವ ಜಾಣರೂ ಇದ್ದಾರೆ. ನೋಡಲು ಚೆನ್ನಾಗಿರುತ್ತದೆ, ಅಗಿದರೆ ಹುಲ್ಲು.

ಏಲಕ್ಕಿ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಮಾಡಿದರೆ ನಮ್ಮ ವರ್ಷದ ಹಬ್ಬಗಳೆಲ್ಲ ಬಂದುಬಿಡುತ್ತವೆ. ರಾಮನವಮಿಯ ಪಾನಕದಲ್ಲಿ ಬೆಲ್ಲ, ಶುಂಠಿ, ಮೆಣಸಿನ ಜೊತೆ. ಯುಗಾದಿಯ ಹೋಳಿಗೆ ಹೂರಣದಲ್ಲಿ, ನಮ್ಮ ಕಡೆಯ ಮಾದಲಿಯಲ್ಲಿ. ದೇವಸ್ಥಾನದ ತೀರ್ಥದಲ್ಲಿ ತುಳಸಿ, ಪಚ್ಚಕರ್ಪೂರದೊಂದಿಗೆ. ಊಟದ ನಂತರ ಎಲೆ ಅಡಿಕೆಯಲ್ಲಿ. ಆಯುರ್ವೇದದವರು ದಾಲ್ಚಿನ್ನಿ, ಪತ್ರೆ, ಏಲಕ್ಕಿ ಮೂರನ್ನು ಸೇರಿಸಿ 'ತ್ರಿಜಾತ' ಎನ್ನುತ್ತಾರೆ. ದೂರದ ಸ್ವೀಡನ್ನಿನಲ್ಲಿ ಕಾಫಿಯ ಜೊತೆ ತಿನ್ನುವ ಬನ್ನಿಗೆ ಏಲಕ್ಕಿಯೇ ಜೀವ. ಪಲಾವಿಗೆ ಹಾಕುವ ಕಪ್ಪು ದೊಡ್ಡ ಏಲಕ್ಕಿ ಮಾತ್ರ ಬೇರೆ ಗಿಡ. ಸಿಕ್ಕಿಂ ಕಡೆಯದು, ಹೊಗೆಯಲ್ಲಿ ಒಣಗಿಸುವುದರಿಂದ ಆ ಹೊಗೆವಾಸನೆ. ಪಾಯಸಕ್ಕೆ ಅದನ್ನು ಹಾಕಿದರೆ ಮನೆಯಲ್ಲಿ ಜಗಳ ಖಚಿತ. ಏಲಕ್ಕಿ ಬಾಳೆಹಣ್ಣಿಗೂ ಏಲಕ್ಕಿಗೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. ಇದನ್ನು ಮೊಮ್ಮಗ ಕೇಳಿದ್ದರಿಂದ ಬರೆದೆ.

ಮಧ್ಯಾಹ್ನ ಊಟವಾದ ಮೇಲೆ ಯಜಮಾನರು ತೋಟದ ಮೇಲ್ತುದಿಗೆ ಕರೆದೊಯ್ದರು. ಅಲ್ಲಿ ಕಟ್ಟೆ ಬಂದು ಖಾಲಿಯಾಗಿ ಎಷ್ಟೋ ವರ್ಷ ಹಾಗೇ ಬಿದ್ದಿದ್ದ ಜಾಗದಲ್ಲಿ ಹೊಸದಾಗಿ ಗುಂಡಿ ತೆಗೆದು ಇನ್ನೂರು ಸಸಿ ನೆಟ್ಟಿದ್ದಾರೆ. ಕೊಡಗಿನ ಅಪ್ಪಂಗಳದಲ್ಲಿ ಏಲಕ್ಕಿಯ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಕಟ್ಟೆ ರೋಗ ತಡೆದು ನಿಲ್ಲುವ 'ವಿಜೇತ' ಎಂಬ ತಳಿ ಬಂದಿದೆ. ಇವರು ತಂದದ್ದು ಅದನ್ನೇ. ಸುತ್ತಲ ನಾಲ್ಕು ತೋಟದವರು ಸೇರಿ ಹಳೆಯ ರೋಗದ ಬುಡಗಳನ್ನೆಲ್ಲ ಕಿತ್ತು ಸುಟ್ಟ ಮೇಲೆಯೇ ನೆಟ್ಟರಂತೆ. ಹಿಂದೆ ಆಗದ ಕೆಲಸ ಅದೇ. ಪಕ್ಕದವನನ್ನು ಒಪ್ಪಿಸುವುದು.

"ಕೊಯ್ಯುವವರು ಸಿಗ್ತಾರಾ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದ ಪ್ರಶ್ನೆ. ಬೆಳಿಗ್ಗೆ ನೋಡಿದ ನಾಲ್ವರಲ್ಲಿ ಐವತ್ತರ ಕೆಳಗಿನವರು ಒಬ್ಬರೂ ಇರಲಿಲ್ಲ. ಅವರ ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ. ಯಜಮಾನರ ಮಗನೂ ಬೆಂಗಳೂರಿನಲ್ಲೇ. ಸಕಾಲಕ್ಕೆ ಕೀಳದಿದ್ದರೆ ಇಲಿ, ಮಂಗ ಕಾಯುತ್ತ ಕೂತಿರುತ್ತವೆ. ಅವರಿಗೆ ಸೊಂಟ ನೋವು ಎಂಬ ತಕರಾರಿಲ್ಲ.

ಉತ್ತರ ಕೊಟ್ಟದ್ದು ಯಜಮಾನತಿ. ಸೊಸೆ ಎರಡು ವರ್ಷದಿಂದ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾಳೆ, ಕೊಯ್ಲಿನ ತಿಂಗಳುಗಳಲ್ಲಿ ಇಲ್ಲಿಗೇ ಬಂದಿರುತ್ತಾಳೆ, ಶನಿವಾರ ಭಾನುವಾರ ತೋ‌ಟಕ್ಕಿಳಿಯುತ್ತಾಳೆ ಎಂದರು. ಕಳೆದ ವರ್ಷದ ಏಲಕ್ಕಿ ದುಡ್ಡನ್ನು ಪೂರ್ತಿ ಅವಳ ಖಾತೆಗೇ ಹಾಕಿದ್ದಾರಂತೆ. "ಅದು ನಮ್ಮ ದುಡ್ಡಲ್ದಾ?" ಎಂದು ಗಂಡನ ಕಡೆ ನೋಡಿದರು. ಅವರು ಅಡಿಕೆ ಮರದ ತುದಿ ನೋಡುತ್ತಿದ್ದರು.

ಏಲಕ್ಕಿ ಸಸಿ ಫಲ ಕೊಡಲು ಮೂರನೇ ವರ್ಷವಾಗಬೇಕು. ಮೂರು ಗಂಟೆಯ ಹೊತ್ತಿಗೆ ಬೆಟ್ಟದ ಮೇಲೆ ಮೋಡ ಕಟ್ಟಿತು. ಹೊರಡುವಾಗ ಯಜಮಾನತಿ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಮೊಮ್ಮಗಳ ಕೈಗಿಟ್ಟರು. ಬಸ್ಸಿನಲ್ಲಿ ಅದನ್ನು ಬಿಚ್ಚಿ ಎಣಿಸತೊಡಗಿದಳು. ಕಾಯಿ ಸಣ್ಣವು, ಎಣಿಕೆ ಬೇಗ ನೂರು ದಾಟಿತು. ಅಕ್ಕಿಆಲೂರಿನ ಹತ್ತಿರ ಬಸ್ಸು ಗುಂಡಿಗೆ ಇಳಿದಾಗ ಲೆಕ್ಕ ತಪ್ಪಿತು. ಮೊದಲಿನಿಂದ ಶುರು ಮಾಡಿದಳು.